ಬದುವಿನ ಕಲ್ಲು

ಹೋದ ತಿಂಗಳು ಬೆಂಗಳೂರಿನಿಂದ ಬಂದ ಮೊಮ್ಮಗಳು ಜೊತೆಯಲ್ಲೊಂದು ರಟ್ಟಿನ ಪೆಟ್ಟಿಗೆಯನ್ನು ತಂದಿದ್ದಳು. ಬಿಚ್ಚಿ ನೋಡಿದರೆ ಚಾಪೆಯಂತೆ ಸುತ್ತಿಟ್ಟ ಹಸಿರು ಪ್ಲಾಸ್ಟಿಕ್ಕಿನ ಪಟ್ಟಿ. ಅದನ್ನು ತರಕಾರಿ ಪಾತಿಯ ಸುತ್ತ ನೆಲಕ್ಕೆ ಊರಿದರೆ ತೋಟ ಅಂದವಾಗಿ ಕಾಣುತ್ತದಂತೆ, ಹುಲ್ಲು ಒಳಗೆ ಬರುವುದಿಲ್ಲವಂತೆ. "ತಾತ, ನಿಮ್ಮ ಕಾಲದಲ್ಲಿ ಇದಕ್ಕೆಲ್ಲ ಏನು ಹಾಕ್ತಿದ್ರಿ?" ಎಂದು ಕೇಳಿದಳು. ಏನೂ ಹಾಕುತ್ತಿರಲಿಲ್ಲ, ಮಣ್ಣನ್ನೇ ಎಳೆದು ಬದು ಕಟ್ಟುತ್ತಿದ್ದೆವು ಎಂದೆ. ಆ ಉತ್ತರ ನಿಜವೂ ಹೌದು, ಪೂರ್ತಿ ನಿಜವಲ್ಲವೂ ಹೌದು. ಒಮ್ಮೆ ನಾನು ಮಣ್ಣಲ್ಲದ್ದನ್ನೂ ಹಾಕಿಸಿದ್ದೆ. ಆ ಸಂಗತಿಯನ್ನು ಬರೆಯಬೇಕೆಂದು ಕೆಲವು ವರ್ಷಗಳಿಂದ ಅಂದುಕೊಳ್ಳುತ್ತ, ಮುಂದೂಡುತ್ತ ಬಂದಿದ್ದೇನೆ. ಈ ಸಲ ಬರೆದುಬಿಡುತ್ತೇನೆ. ಆದರೆ ಮೇಷ್ಟ್ರ ಅಭ್ಯಾಸ, ಪೀಠಿಕೆಯಿಲ್ಲದೆ ಪಾಠ ಶುರುವಾಗುವುದಿಲ್ಲ. ಓದುಗರು ಸ್ವಲ್ಪ ತಾಳಿಕೊಳ್ಳಬೇಕು.

ನಮ್ಮೂರು ಆವತಿ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಹೆದ್ದಾರಿಯಲ್ಲಿ ಹೊರಟವರಿಗೆ ದಾರಿಯಲ್ಲೇ ಸಿಗುವ ಊರು. ನನ್ನ ಬಾಲ್ಯದ ಮನೆಯ ಹಿತ್ತಿಲು ಅಗಲದಲ್ಲಿ ಚಿಕ್ಕದು, ಉದ್ದದಲ್ಲಿ ದೊಡ್ಡದು. ಬಚ್ಚಲ ನೀರು ಹೋಗುವ ಕಡೆ ನಾಲ್ಕು ಬಾಳೆ, ಒಂದಿಷ್ಟು ಕೆಸುವು. ಅದರಾಚೆಗೆ ಅಮ್ಮನ ಪಾತಿಗಳು. ದಂಟು, ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ ಒಂದೊಂದಕ್ಕೂ ಒಂದೊಂದು ಪಾತಿ. ಬದನೆ, ಮೆಣಸಿನಕಾಯಿಗೆ ಸ್ವಲ್ಪ ದೊಡ್ಡವು. ಕೊನೆಗೆ ಅವರೆ, ಹೀರೆ ಹಬ್ಬಿಸಿದ ಚಪ್ಪರ. ಪಾತಿಯ ಅಗಲವನ್ನು ಅಮ್ಮ ಅಳತೆಗೋಲಿನಿಂದ ಅಳೆದವಳಲ್ಲ. ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದರೆ ಪಾತಿಯ ನಡು ಮುಟ್ಟಬೇಕು, ಆ ಕಡೆಯಿಂದ ಕೂತು ಚಾಚಿದರೂ ನಡು ಮುಟ್ಟಬೇಕು. ಅಷ್ಟೇ ಲೆಕ್ಕ. ಹಾಗಿದ್ದರೆ ಕಳೆ ತೆಗೆಯುವವರು ಪಾತಿಯೊಳಗೆ ಕಾಲಿಡಬೇಕಾಗಿಲ್ಲ, ಮಣ್ಣು ತುಳಿತಕ್ಕೆ ಸಿಕ್ಕಿ ಗಟ್ಟಿಯಾಗುವುದಿಲ್ಲ. ಈಗ ತೋಟಗಾರಿಕೆಯ ಪುಸ್ತಕಗಳಲ್ಲಿ ನಾಲ್ಕಡಿ ಅಗಲ ಇರಲಿ ಎಂದು ಬರೆದಿರುವುದನ್ನು ಓದುವಾಗೆಲ್ಲ ಅಮ್ಮನ ತೋಳಿನ ಉದ್ದ ನೆನಪಾಗುತ್ತದೆ.

ಬದು ಎಂದರೆ ಗೇಣೆತ್ತರದ ಮಣ್ಣಿನ ದಿಂಡು. ಸನಿಕೆಯಿಂದ ಎರಡೂ ಬದಿಯ ಮಣ್ಣನ್ನು ಎಳೆದು, ಬೆನ್ನನ್ನು ಅಂಗೈಯಿಂದ ತಟ್ಟಿ, ಮೊದಲ ನೀರು ಕುಡಿದಮೇಲೆ ಇನ್ನೊಮ್ಮೆ ತಟ್ಟಬೇಕು. ಆ ಎರಡನೆಯ ತಟ್ಟುವಿಕೆಯನ್ನು ಮರೆತರೆ ಒಣಗುವಾಗ ಬಿರುಕು ಬಿಟ್ಟು ಮುಂದಿನ ಸಲ ನೀರು ಅಲ್ಲಿಂದಲೇ ನುಸುಳುತ್ತದೆ. ಬದುವಿನ ನೆತ್ತಿಯೂ ಖಾಲಿ ಇರುತ್ತಿರಲಿಲ್ಲ. ಅಮ್ಮ ಅಲ್ಲಿ ಮೂಲಂಗಿ ಬೀಜ ಊರುತ್ತಿದ್ದಳು. ಮೂಲಂಗಿಗೆ ಸಡಿಲ ಮಣ್ಣು ಬೇಕು, ಬದುವಿಗೆ ಹಿಡಿದು ನಿಲ್ಲಿಸುವ ಬೇರು ಬೇಕು, ಇಬ್ಬರಿಗೂ ಅನುಕೂಲ. ನೀರು ಹರಿಯುವ ಕಾಲುವೆಯ ಅಂಚಿನಲ್ಲಿ ಹೊನಗೊನೆ ಸೊಪ್ಪು ಯಾರೂ ನೆಡದೆ ತಾನೇ ಹಬ್ಬಿರುತ್ತಿತ್ತು.

ಹಿತ್ತಿಲಿನ ಪಾತಿಗೆ ಸೇದುವ ಬಾವಿಯ ನೀರು, ಊರಾಚೆಯ ತೋಟಕ್ಕೆ ಕಪಿಲೆ ಬಾವಿಯ ನೀರು. ಎತ್ತುಗಳು ಇಳಿಜಾರಿನಲ್ಲಿ ಮುಂದೆ ಹೋದಾಗ ಚರ್ಮದ ಚೀಲ ಮೇಲೆ ಬಂದು ತೊಟ್ಟಿಗೆ ಸುರಿಯುವುದು, ಅಲ್ಲಿಂದ ಹೆಗ್ಗಾಲುವೆ, ಅಲ್ಲಿಂದ ಕಿರುಗಾಲುವೆ, ಅಲ್ಲಿಂದ ಪಾತಿ. ನೀರು ಕಟ್ಟುವ ಕೆಲಸ ನಮಗೆ, ಅಂದರೆ ಹುಡುಗರಿಗೆ. ಒಂದು ಪಾತಿ ತುಂಬಿದ ಕೂಡಲೇ ಅದರ ಬಾಯಿಗೆ ಹೆಂಟೆ ಮಣ್ಣು ಹಾಕಿ ಮುಚ್ಚಿ ಮುಂದಿನ ಪಾತಿಯ ಬಾಯಿ ಬಿಡಿಸಬೇಕು. ಕಣ್ಣು ತಪ್ಪಿದರೆ ಬದು ಒಡೆದು ನೀರೆಲ್ಲ ಓಣಿಯ ಪಾಲು. ಎತ್ತು ಎಳೆದ ನೀರು ಅದು, ಪೋಲಾದರೆ ಬೈಗುಳ ತಪ್ಪುತ್ತಿರಲಿಲ್ಲ. 1965ರಲ್ಲಿ, ಲಾಲ್ ಬಹದ್ದೂರ್ ಶಾಸ್ತ್ರಿಯವರು ಸೋಮವಾರ ರಾತ್ರಿಯ ಊಟ ಬಿಡಿರೆಂದೂ ಮನೆಯಂಗಳದಲ್ಲಿ ಬೆಳೆಯಿರೆಂದೂ ದೇಶಕ್ಕೆ ಕರೆ ಕೊಟ್ಟಾಗ ನನಗೆ ಹತ್ತು ವರ್ಷ. ಶಾಲೆಯಲ್ಲಿ ಮೇಷ್ಟ್ರು ಅದನ್ನು ಹೇಳಿದರು, ನಾನು ಬಂದು ಅಮ್ಮನಿಗೆ ಹೇಳಿದೆ. "ನಾವು ಇನ್ನೇನು ಮಾಡ್ತಾ ಇದ್ದೀವಪ್ಪ?" ಎಂದು ಅವಳು ಕಳೆ ಕೀಳುತ್ತಲೇ ಕೇಳಿದಳು.

ನಮ್ಮ ಸೀಮೆಯಲ್ಲಿ ಈ ದಿಂಡಿಗೆ ಹೆಸರು ಒಂದೇ ಅಲ್ಲ. ಕನ್ನಡದ ಮನೆಯಲ್ಲಿ ಬದು. ಪಕ್ಕದ ತೆಲುಗು ಮನೆಯಲ್ಲಿ ಗಟ್ಟು. ತಮಿಳು ಬಲ್ಲ ತೋಟಿಗರ ಬಾಯಲ್ಲಿ ವರಪ್ಪು. ಹಳಗನ್ನಡದಲ್ಲಿ ತೆವರು ಎಂಬ ಸೊಗಸಾದ ಮಾತಿದೆ, ನಮ್ಮ ಕಡೆ ಅದು ಬಳಕೆ ತಪ್ಪಿದೆ. ಬದು ಎಂಬುದರಿಂದಲೇ ಬದುಕು ಬಂತೆಂದು ಒಬ್ಬ ಭಾಷಣಕಾರರು ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದನ್ನು ಕೇಳಿದ್ದೇನೆ. ವ್ಯಾಕರಣ ಪಾಠ ಮಾಡಿದ ನನಗೆ ಚಪ್ಪಾಳೆ ತಟ್ಟಲು ಕೈ ಬರಲಿಲ್ಲ. ಆದರೂ ಬದುವಿನ ವ್ಯಾಜ್ಯದಲ್ಲಿ ಬದುಕು ಕಳೆದವರನ್ನು ಕಂಡಿದ್ದೇನಾದ್ದರಿಂದ ಪೂರ್ತಿ ನಗಲೂ ಆಗಲಿಲ್ಲ. ವರ್ಷಕ್ಕೊಂದು ನೇಗಿಲ ಸಾಲಿನಂತೆ ಪಕ್ಕದವನ ಬದುವನ್ನು ಒತ್ತುತ್ತ ಹೋದರೆ ಹತ್ತು ವರ್ಷದಲ್ಲಿ ಒಂದು ಪಟ್ಟೆಯೇ ಇತ್ತ ಸೇರುತ್ತದೆ. ಅಣ್ಣತಮ್ಮಂದಿರ ನಡುವೆ ಮಾತು ನಿಲ್ಲಲು ಇಷ್ಟು ಸಾಕು. ಆಮೇಲೆ ಬಾಂದು ಕಲ್ಲು ಹುಡುಕುವುದು, ಸರ್ವೆಯವರಿಗೆ ಅರ್ಜಿ ಕೊಡುವುದು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾದದ್ದು 1863ರಲ್ಲಿ. ಆ ಮೇಲೆ ಹೊಲದ ಎಲ್ಲೆಗೆ ಸರ್ಕಾರದ ಲೆಕ್ಕದ ಕಲ್ಲು ಬಂತು. ಅದಕ್ಕೂ ಮೊದಲು ಎಲ್ಲೆಗೆ ಕಲ್ಲಿರಲಿಲ್ಲವೆಂದಲ್ಲ. ದಾನಶಾಸನಗಳಲ್ಲಿ ಗದ್ದೆ, ಬೆದ್ದಲು, ತೋಟಗಳ ನಾಲ್ಕೂ ದಿಕ್ಕಿನ ಎಲ್ಲೆಯನ್ನು ಇಂಥ ಹುಣಸೆ, ಇಂಥ ಹಾಸುಬಂಡೆ, ಇಂಥ ಕೆರೆಯ ಕೋಡಿ ಎಂದು ಹೇಳಿಕೊಂಡು ಹೋಗುವ ರೂಢಿಯಿದೆ. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲನ್ನೂ ವಿಷ್ಣು ದೇವಾಲಯದ ಭೂಮಿಗೆ ವಾಮನಮುದ್ರೆಯ ಕಲ್ಲನ್ನೂ ನೆಡುತ್ತಿದ್ದರು.

ಇನ್ನು ಆವತಿಯ ಚರಿತ್ರೆಗೆ ಬರುತ್ತೇನೆ. ಕಂಚಿಯ ಕಡೆಯಿಂದ ಒಕ್ಕಲು ಕುಟುಂಬವೊಂದು ಬಂಡಿ ಕಟ್ಟಿಕೊಂಡು ಬಂದು, ನಂದಿದುರ್ಗದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ತಪ್ಪಲಲ್ಲಿ ಬಂಡಿ ಬಿಚ್ಚಿ, ಮುಂದೆ ಆವತಿಯನ್ನು ಕಟ್ಟಿತೆಂಬ ಕಥೆಯನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಏಳು ಮಂದಿ ಅಣ್ಣತಮ್ಮಂದಿರೆನ್ನುತ್ತಾರೆ. ರಣಭೈರೇಗೌಡರ ಹೆಸರು ಆ ಕಥೆಗೆ ಅಂಟಿಕೊಂಡಿದೆ. ಆವತಿ ನಾಡಪ್ರಭುಗಳೆಂದು ಹೆಸರಾದ ಈ ಮೊರಸು ಒಕ್ಕಲು ವಂಶದ ಮಲ್ಲಭೈರೇಗೌಡರು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದರು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಆರಂಭವೂ ಇದೇ ವಂಶದೊಂದಿಗೆ ಬೆಸೆದುಕೊಂಡಿದೆ. ಈಗ ನಾವು ನೋಡುವ ಕಲ್ಲಿನ ಕೋಟೆ ಹೈದರಾಲಿ ಮತ್ತು ಟಿಪ್ಪುವಿನ ಕಾಲದ್ದು. ಮಲ್ಲಭೈರೇಗೌಡರದು ಮಣ್ಣಿನ ಕೋಟೆ.

ಮಕ್ಕಳಿಗೆ ಈ ಪಾಠ ಹೇಳುವಾಗ ಮಣ್ಣಿನ ಕೋಟೆ ಎಂದ ಕೂಡಲೇ ತರಗತಿಯಲ್ಲಿ ನಗು ಏಳುತ್ತಿತ್ತು, ಮಳೆ ಬಂದರೆ ಕರಗುವುದಿಲ್ಲವೇ ಎಂದು. ನಾನು ಅವರನ್ನು ಕೆರೆಯ ಏರಿಗೆ ಕರೆದುಕೊಂಡು ಹೋಗುತ್ತಿದ್ದೆ. ಇದೂ ಮಣ್ಣೇ ಅಲ್ಲವೇ, ನೂರಾರು ವರ್ಷ ನೀರನ್ನು ತಡೆದು ನಿಂತಿಲ್ಲವೇ ಎಂದು ಕೇಳುತ್ತಿದ್ದೆ. ಬಂಡಿಯಲ್ಲಿ ಬಂದ ಒಕ್ಕಲು ಮಕ್ಕಳಿಗೆ ಮಣ್ಣನ್ನು ಎಳೆದು, ನೆನೆಸಿ, ತಟ್ಟಿ, ನಿಲ್ಲಿಸುವುದು ಗೊತ್ತಿತ್ತು. ಪಾತಿಯ ಬದು, ಹೊಲದ ಬದು, ಕೆರೆಯ ಏರಿ, ಕೋಟೆಯ ಗೋಡೆ, ಇವೆಲ್ಲ ಅದೇ ವಿದ್ಯೆಯ ಚಿಕ್ಕ ದೊಡ್ಡ ರೂಪಗಳೆಂದೇ ನನಗೆ ತೋರುತ್ತದೆ. ಇದು ನನ್ನ ಅಭಿಪ್ರಾಯ, ಇತಿಹಾಸಕಾರರ ತಲೆಗೆ ಕಟ್ಟುವುದಿಲ್ಲ.

ನಮ್ಮಲ್ಲಿ ಏರಿಗಳೂ ಬದುಗಳೂ ಇಷ್ಟು ಮುಖ್ಯವಾಗಲು ಕಾರಣ ನೀರು. ನಂದಿಬೆಟ್ಟದ ಸುತ್ತ ಹುಟ್ಟುವ ಅರ್ಕಾವತಿ, ಪಿನಾಕಿನಿಗಳು ನಮ್ಮ ಕಡೆ ಹೆಸರಿಗಷ್ಟೇ ನದಿ. ತೊರೆಯಾಗಿ ಹರಿಯುವುದು ಮಳೆ ಬಂದಾಗ ಮಾತ್ರ. ವರ್ಷಕ್ಕೆ 800 ಮಿಲಿಮೀಟರಿನ ಆಸುಪಾಸು ಮಳೆ. ಅದೂ ಬಹುಪಾಲು ಆಗಸ್ಟಿನಿಂದ ಅಕ್ಟೋಬರಿನೊಳಗೆ. ಹಾಗಾಗಿ ನಮ್ಮ ಪಾತಿ ನೆಲಮಟ್ಟಕ್ಕಿಂತ ತುಸು ತಗ್ಗು, ಬದು ಎತ್ತರ. ಬದುವಿನ ಕೆಲಸ ಕೊಟ್ಟ ನೀರನ್ನು ಒಳಗೆ ಹಿಡಿದಿಡುವುದು. ಅದೇ 3,500 ಮಿಲಿಮೀಟರು ಮೀರಿ ಮಳೆ ಸುರಿಯುವ ಮಂಗಳೂರಿನ ಕಡೆಗೆ ಹೋಗಿ ನೋಡಿ. ಮಳೆಗಾಲದ ಬೆಂಡೆ, ಹರಿವೆಗೆ ಮಣ್ಣನ್ನು ಏರಿಸಿ ಏರುಮಡಿ ಮಾಡುತ್ತಾರೆ, ನಡುವೆ ನೀರು ಹರಿದುಹೋಗಲು ಕಣಿ ಬಿಡುತ್ತಾರೆ. ಅಲ್ಲಿನ ಅಂಚು ನೀರನ್ನು ಆಚೆ ಕಳಿಸಲು, ಇಲ್ಲಿನ ಅಂಚು ನೀರನ್ನು ಕಟ್ಟಿಹಾಕಲು. ಬಹಳ ದೂರದ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಜೂನಿ ಎಂಬ ಮೂಲನಿವಾಸಿಗಳಿದ್ದಾರೆ. ಅವರದು ನಮ್ಮದಕ್ಕಿಂತಲೂ ಒಣ ನೆಲ. ಅವರ ಹೆಂಗಸರು ನೆಲವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೂ ಜೇಡಿಮಣ್ಣಿನ ಅಂಚು ಕಟ್ಟಿ, ಕೊಡದಲ್ಲಿ ನೀರು ಹೊತ್ತು ತಂದು ಎರೆದು ತರಕಾರಿ ಬೆಳೆಯುತ್ತಿದ್ದರು. ಅದರ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ಅಮ್ಮನ ಹಿತ್ತಿಲನ್ನು ಯಾರೋ ಅಲ್ಲಿಗೆ ಎತ್ತಿಕೊಂಡು ಹೋದಂತೆ ಕಂಡಿತು.

ಗ್ರಂಥಗಳಲ್ಲಿ ಏನಿದೆ ಎಂದು ಕೇಳುವವರಿಗೆ ಎರಡು ಹೆಸರು ಹೇಳಬಲ್ಲೆ. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೇ ಒಂದು ಅಧ್ಯಾಯವಿದೆ. ಎರಡನೆಯದು ವಿದೇಶೀಯನೊಬ್ಬನ ಪ್ರವಾಸಕಥನ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಯಾವ ಊರಿನಲ್ಲಿ ಏನು ಬೆಳೆಯುತ್ತಾರೆ, ಹೇಗೆ ಉಳುತ್ತಾರೆ ಎಂಬುದನ್ನು ಬಿಡದೆ ಗುರುತು ಹಾಕಿಕೊಂಡ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಹೊರಬಂತು. ಈ ಭಾಗದ ತೋಟಗಳನ್ನು ಅವನು ನಾಲ್ಕು ಬಗೆಯಾಗಿ ಹೇಳುತ್ತಾನೆ: ತರಕಾರಿ ತೋಟ, ತೆಂಗಿನ ತೋಟ, ಎಲೆ ತೋಟ, ಹೂವಿನ ತೋಟ. ಆ ಕನ್ನಡ ಹೆಸರುಗಳನ್ನೇ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾನೆ. ಬಂದವನ ಉದ್ದೇಶ ಕಂಪನಿಯ ಲಾಭವೇ ಇದ್ದೀತು. ಆದರೆ ನಮ್ಮ ಮೊರಬಿನ ಒಕ್ಕಲುತನದ ವಿವರ ಉಳಿದದ್ದು ಅವನಿಂದ ಎಂಬುದನ್ನು ಒಪ್ಪಬೇಕು.

ಹಾಗಾದರೆ ಪಾತಿಗೆ ಅಂದಕ್ಕಾಗಿ ಅಂಚು ಕಟ್ಟುವ ರೂಢಿ ಎಲ್ಲಿಂದ ಬಂತು? ನಾನು ಕಂಡ ಮಟ್ಟಿಗೆ ಅದು ಬಂದದ್ದು ಕಚೇರಿ, ಬಂಗಲೆ, ರೈಲು ನಿಲ್ದಾಣಗಳಿಂದ; ಅವುಗಳ ಹಿಂದೆ ಲಾಲ್‌ಬಾಗಿನ ಮಾದರಿ. ಹೈದರಾಲಿ 1760ರಲ್ಲಿ ಆರಂಭಿಸಿದ ಆ ತೋಟ 1874ರಿಂದ ಜಾನ್ ಕ್ಯಾಮರನ್, 1908ರಿಂದ ಜರ್ಮನಿಯ ಕ್ರುಂಬಿಗೆಲ್ ಅವರ ಕೈಯಲ್ಲಿ ಬೆಳೆಯಿತು. ಬೆಂಗಳೂರಿನ ಜನ ಸೀಮೆಬದನೆಯನ್ನು ಪಲ್ಯ ಮಾಡಿ ತಿನ್ನುವಂತಾದದ್ದು ಕ್ಯಾಮರನ್ನರಿಂದ ಎನ್ನುತ್ತಾರೆ. ಅಲ್ಲಿ ಹೂವಿನ ಮಡಿಗಳ ಸುತ್ತ ಕೆಂಪು, ಹಸಿರು ಎಲೆಯ ಕಿರುಗಿಡಗಳನ್ನು ಒತ್ತಾಗಿ ನೆಟ್ಟು ಕತ್ತರಿಸಿ ಗೆರೆ ಎಳೆದಂತೆ ನಿಲ್ಲಿಸುವುದನ್ನು ಎಲ್ಲರೂ ನೋಡಿದ್ದೀರಿ. ಆ ಕೆಂಪು ಗಿಡ ನಮ್ಮ ಹೊನಗೊನೆಯ ಒಡಹುಟ್ಟು, ಸಸ್ಯಶಾಸ್ತ್ರದಲ್ಲಿ ಎರಡೂ ಆಲ್ಟರ್ನಾಂತೆರಾ ಎಂಬ ಒಂದೇ ಕುಲಕ್ಕೆ ಸೇರಿದವು. ಒಂದನ್ನು ಅರಮನೆಯ ಅಂಚಿಗೆ ನೆಟ್ಟರು, ಇನ್ನೊಂದನ್ನು ಅಮ್ಮ ಸಾರಿಗೆ ಕೊಯ್ದಳು.

ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಕಡೆಗೆ ಸಣ್ಣ ಹಳಿಯ ರೈಲು 1915ರ ಹೊತ್ತಿಗೆ ಬಂತು. ಆವತಿಹಳ್ಳಿಯ ಕಲ್ಲಿನ ನಿಲ್ದಾಣ ಆ ಕಾಲದ್ದು. ಇಂಥ ನಿಲ್ದಾಣಗಳ ಮುಂದೆ ಇಟ್ಟಿಗೆಗಳನ್ನು ಓರೆಯಾಗಿ ಅರ್ಧ ಹೂತು, ಗರಗಸದ ಹಲ್ಲಿನಂತೆ ಸಾಲು ಮಾಡಿ, ಒಂದಕ್ಕೆ ಸುಣ್ಣ ಒಂದಕ್ಕೆ ಕೆಮ್ಮಣ್ಣು ಬಳಿದಿರುತ್ತಿದ್ದರು. ಇಟ್ಟಿಗೆ ಇಲ್ಲದ ಕಡೆ ಮಂಗಳೂರು ಹೆಂಚಿನ ಒಡಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ಶಾಲೆ, ಕಚೇರಿ, ನಿಲ್ದಾಣಗಳ ನೆತ್ತಿಯನ್ನೇರಿ ಊರೂರಿಗೆ ಬಂತು. ಮಂಗ ಕುಣಿದು ಒಡೆದದ್ದು ಕೆಳಗಿಳಿದು ಹೂವಿನ ಮಡಿಗೆ ಅಂಚಾಯಿತು. ಹೆಂಚೂ ಇಲ್ಲದ ಕಡೆ ಗುಂಡುಕಲ್ಲು, ಅದಕ್ಕೆ ಸುಣ್ಣ. ಸಾಹೇಬರು ಬರುವ ದಿನ ಗೊತ್ತಾದರೆ ಸುಣ್ಣ ಕಲಸುವುದೇ ಮೊದಲ ಕೆಲಸ. ಸ್ವಾತಂತ್ರ್ಯ ಬಂದಮೇಲೂ ಸಾಹೇಬರು ಬರುವುದು ನಿಲ್ಲಲಿಲ್ಲವಾದ್ದರಿಂದ ಸುಣ್ಣವೂ ನಿಲ್ಲಲಿಲ್ಲ.

ಈಗ ಹೇಳಬೇಕಾದದ್ದಕ್ಕೆ ಬಂದೆ.

ಅದು 1984. ನಾನು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಶಾಲೆಯ ಕೈತೋಟ ನನ್ನ ಉಸ್ತುವಾರಿ. ಬದನೆ, ಟೊಮೇಟೊ, ನುಗ್ಗೆ, ಒಂದಿಷ್ಟು ಸೊಪ್ಪು. ತನಿಖೆಗೆ ಮೇಲಧಿಕಾರಿಗಳು ಬರುತ್ತಾರೆಂದು ತಿಳಿಯಿತು. ಇಪ್ಪತ್ತೊಂಬತ್ತರ ಹುಮ್ಮಸ್ಸು ನನಗೆ. ಮಣ್ಣಿನ ಬದು ಒಡೆದು, ಸವೆದು, ಮೂಲಂಗಿ ಕಿತ್ತ ಗುಳಿಗಳಿಂದ ಕುರೂಪವಾಗಿ ಕಂಡಿತು. ಕಲ್ಲಿನ ಅಂಚು ಕಟ್ಟಿ ಸುಣ್ಣ ಬಳಿಸಬೇಕೆಂದು ನಿಶ್ಚಯಿಸಿ, ಏಳನೆಯ ತರಗತಿಯ ಹುಡುಗರಿಗೆ ತಲಾ ಒಂದು ಕಲ್ಲು ತರಲು ಹೇಳಿದೆ. ಸೋಮವಾರ ಬೆಳಿಗ್ಗೆ ತಲೆಯ ಮೇಲೆ, ಹೆಗಲ ಮೇಲೆ, ಸೈಕಲ್ಲಿನ ಹಿಂದೆ ಕಲ್ಲುಗಳು ಬಂದವು. ಒಡೆದ ಬೀಸುಕಲ್ಲು, ಒರಳಿನ ಚೂರು, ಗುಂಡುಕಲ್ಲು, ಚಪ್ಪಡಿಯ ತುಂಡು. ಇಬ್ಬರು ಹುಡುಗರು ಗಳುವಿಗೆ ಕಟ್ಟಿ ಹೊತ್ತು ತಂದದ್ದು ಮಾತ್ರ ಎರಡು ಮೊಳದಷ್ಟು ಉದ್ದದ, ಮೇಲ್ತುದಿ ಮುರಿದ ಹಲಗೆಕಲ್ಲು. ಒಂದು ಮುಖ ನುಣುಪು. ಇನ್ನೊಂದು ಮುಖದಲ್ಲಿ ಮಣ್ಣು ಮೆತ್ತಿಕೊಂಡ ಉಬ್ಬುಗೆತ್ತನೆ. ಒಂದು ಹೆಜ್ಜೆ ಮುಂದಿಟ್ಟ ಕಾಲು, ನಡುವಿನಲ್ಲಿ ಕತ್ತಿ, ಬಾಗಿದ ಬಿಲ್ಲಿನ ಅರ್ಧ.

ಹುಡುಗರು "ಗೊಂಬೆ ಕಲ್ಲು ಸಾರ್" ಎಂದರು. ಅದು ವೀರಗಲ್ಲೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಐದನೆಯ ತರಗತಿಗೆ ನಾನೇ ವೀರಗಲ್ಲಿನ ಪಾಠ ಮಾಡಿದ್ದೆ, ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದೆ. ಆದರೆ ಪಾಠದ ವೀರಗಲ್ಲು ಬೇಲೂರಿನ ಕಡೆಯದು, ದೊಡ್ಡದು, ಪುಸ್ತಕದ್ದು. ಇದು ಹುಡುಗರು ಹೊತ್ತು ತಂದ ಕಲ್ಲು. ಬದನೆ ಪಾತಿಯ ಮುಂಭಾಗಕ್ಕೆ ಒಂದು ಉದ್ದನೆಯ ಕಲ್ಲು ಬೇಕಾಗಿತ್ತು. ಕೆತ್ತನೆಯ ಮುಖಕ್ಕೆ ಸುಣ್ಣ ಸಮನಾಗಿ ಹಿಡಿಯುವುದಿಲ್ಲವೆಂದು ಅದನ್ನು ಒಳಕ್ಕೆ, ಮಣ್ಣಿನ ಕಡೆಗೆ ತಿರುಗಿಸಿ, ಅಡ್ಡಡ್ಡಲಾಗಿ ಹೂಳಿಸಿದೆ. ನುಣುಪು ಮುಖಕ್ಕೆ ಸುಣ್ಣ ಬಿತ್ತು. ಅಧಿಕಾರಿಗಳು ಬಂದರು, ಕೈತೋಟ ಅಚ್ಚುಕಟ್ಟಾಗಿದೆ ಎಂದು ತನಿಖಾ ಪುಸ್ತಕದಲ್ಲಿ ಬರೆದರು. ಆ ವಾಕ್ಯವನ್ನು ನಾನು ಎಷ್ಟೋ ಜನರಿಗೆ ತೋರಿಸಿದ್ದೇನೆ.

ಎರಡು ವರ್ಷದ ಮೇಲೆ ನನಗೆ ವರ್ಗವಾಯಿತು. ಕಲ್ಲು ಮರೆತುಹೋಯಿತು.

ನೆನಪಾದದ್ದು 2018ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಪತ್ತೆಯಾದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ. ನಿವೃತ್ತನಾಗಿ ಮೂರು ವರ್ಷವಾಗಿತ್ತು, ಓದಲು ಬೇಕಾದಷ್ಟು ಹೊತ್ತು. ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸೇರಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟವನ್ನು 1905ರಲ್ಲೇ ಪ್ರಕಟಿಸಿದ್ದರು. ಅಂದಿನಿಂದ ಇಂದಿಗೆ ಅದರಲ್ಲಿನ ಎಷ್ಟೋ ಕಲ್ಲುಗಳು ರಸ್ತೆಗೆ, ಚರಂಡಿಗೆ, ಮನೆಯ ಬುನಾದಿಗೆ ಸೇರಿ ಕಾಣೆಯಾಗಿವೆ. ಬೆಂಗಳೂರು ಎಂಬ ಹೆಸರಿನ ಬಹು ಹಳೆಯ ಉಲ್ಲೇಖವಿರುವುದು ಬೇಗೂರಿನ ವೀರಗಲ್ಲಿನಲ್ಲಿ, ಸುಮಾರು 890ರದ್ದು. ಅದನ್ನೂ ಯಾರಾದರೂ ಮೇಷ್ಟ್ರು ಬದನೆ ಪಾತಿಗೆ ಅಡ್ಡ ಇಟ್ಟಿದ್ದರೆ? ಈ ಯೋಚನೆ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುವರ್ಷ ಒಂದು ಮದುವೆಯಲ್ಲಿ ಆ ಇಬ್ಬರು ಹುಡುಗರಲ್ಲಿ ಒಬ್ಬರು ಸಿಕ್ಕರು. ಹುಡುಗರೆಂದರೆ ಆಗಲೇ ನಲವತ್ತೇಳರ ಗೃಹಸ್ಥರು, ದ್ರಾಕ್ಷಿ ಬೆಳೆಗಾರರು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದರು. ನಾನೇ ಮಾತು ತೆಗೆದೆ, ಆ ಗೊಂಬೆ ಕಲ್ಲನ್ನು ಎಲ್ಲಿಂದ ತಂದಿದ್ದಿರಪ್ಪಾ ಎಂದು. ಅವರು ಎಲೆಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಮ್ಮ ಹೊಲದ ಬದುವಿನ ಮೇಲಿತ್ತು ಸಾರ್. ತಾತ ಯುಗಾದಿ ದಿನ ಅದಕ್ಕೆ ಎಣ್ಣೆ ಬತ್ತಿ ಇಡೋರು. ಸಾಲೆಗೆ ಅಂದ್ರೆ ಬೇಡ ಅನ್ನಲ್ಲ ಅಂತ ಹೇಳ್ದೆ ಎತ್ಕೊಂಡು ಬಂದ್ವಿ. ಆಮೇಲೆ ಗೊತ್ತಾಯ್ತು ಅವ್ರಿಗೆ."

"ಬೈದರೇ?"

"ಇಲ್ಲ ಸಾರ್. ಮೇಷ್ಟ್ರು ಕೇಳಿದ್ರೇನೋ, ಇರ್ಲಿ ಬಿಡು ಅಂದ್ರು. ಅವ್ರು ಇರೋವರೆಗೂ ಯುಗಾದಿಗೆ ಆ ಜಾಗದಲ್ಲೇ ದೀಪ ಇಡೋರು. ಬರೀ ಬದುವಿಗೆ."

ನಾನು ಎಲೆಯ ಮೇಲಿದ್ದುದನ್ನು ಮುಗಿಸಲಿಲ್ಲ. ವಾರದೊಳಗೆ ಇಬ್ಬರೂ ಆ ಶಾಲೆಗೆ ಹೋದೆವು. ಕೈತೋಟವಿದ್ದ ಜಾಗದಲ್ಲಿ ಎರಡು ಹೊಸ ಕೊಠಡಿಗಳೂ ಸಿಮೆಂಟಿನ ಅಂಗಳವೂ ಬಂದಿದ್ದವು. ಕೊಠಡಿ ಕಟ್ಟುವಾಗ ತೋಟದ ಕಲ್ಲುಗಳನ್ನೆಲ್ಲ ಬುನಾದಿಗೆ ತುಂಬಿದರೆಂದು ಊರಿನ ಹಿರಿಯರೊಬ್ಬರು ಹೇಳಿದರು. ಕಾಂಪೌಂಡಿನ ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಕಲ್ಲುಗಳನ್ನು ಒಂದೊಂದಾಗಿ ಹೊರಳಿಸಿದೆವು. ನನ್ನ ಕಾಲದ ಸುಣ್ಣದ ಕುರುಹು ಇದ್ದ ಎರಡು ಗುಂಡುಕಲ್ಲು ಸಿಕ್ಕಿದವು, ಬೀಸುಕಲ್ಲಿನ ಅರ್ಧ ಸಿಕ್ಕಿತು. ಅದು ಸಿಗಲಿಲ್ಲ. ಅದರ ಮೇಲೆ ಅಕ್ಷರ ಇತ್ತೇ ಎಂದು ಅವರು ಕೇಳಿದರು. ಮೇಲ್ತುದಿ ಮುರಿದಿತ್ತು ಎಂಬುದು ನೆನಪಿದೆ; ಮಣ್ಣು ಮೆತ್ತಿದ್ದನ್ನು ತೊಳೆದು ನೋಡಿದ ನೆನಪಿಲ್ಲ. ಒಂದು ಕೊಡ ನೀರು ಸುರಿದಿದ್ದರೆ ಸಾಕಿತ್ತು. ಪಕ್ಕದಲ್ಲೇ ಬದನೆಗೆ ನೀರು ಹಾಯುತ್ತಿತ್ತು.

2021ರಿಂದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನ ಕಲ್ಲುಗಳನ್ನು ಹುಡುಕಿ ಮೂರು ಆಯಾಮದಲ್ಲಿ ದಾಖಲಿಸುವ ಕೆಲಸಕ್ಕೆ ತೊಡಗಿದರು. 1909ರಲ್ಲಿ ಹುಟ್ಟಿದ ಹಳೆಯ ಸಂಸ್ಥೆ ಅದು. ಅವರು ಕಂಡ ಕಲ್ಲುಗಳ ಚಿತ್ರ ನೋಡಿದಾಗೆಲ್ಲ, ಕಾಲು ಮುಂದಿಟ್ಟು ಬಿಲ್ಲು ಹಿಡಿದ ಆಳು ಎಲ್ಲಾದರೂ ಇದ್ದಾನೆಯೇ ಎಂದು ಕಣ್ಣು ಹುಡುಕುತ್ತದೆ. ಅಂಥವರು ಬಹಳ ಮಂದಿ ಇದ್ದಾರೆ. ನಮ್ಮವನು ಯಾರೆಂದು ಹೇಳುವುದು ಹೇಗೆ? ಈ ಬರಹ ಓದುವ ಶಿಕ್ಷಕ ಮಿತ್ರರು ಇದ್ದರೆ ಒಂದು ಬಿನ್ನಹ: ನಿಮ್ಮ ಶಾಲೆಯ ಅಂಗಳದಲ್ಲಿ ಸುಣ್ಣ ಬಳಿದ ಚಪ್ಪಟೆ ಕಲ್ಲಿದ್ದರೆ ಒಮ್ಮೆ ತಿರುಗಿಸಿ ನೋಡಿ.

ಅಂಚಿನ ವಿಷಯದಲ್ಲಿ ನಾನು ಮಾಡಿದ ತಪ್ಪು ಅದೊಂದೇ ಅಲ್ಲ, ಇನ್ನೊಂದನ್ನೂ ಹೇಳಿಬಿಡುತ್ತೇನೆ, ಇದು ಹಗುರವಾದದ್ದು. 2015ರಲ್ಲಿ ನಿವೃತ್ತನಾದ ಹೊಸದರಲ್ಲಿ ಪುಸ್ತಕವೊಂದರ ಬಣ್ಣದ ಚಿತ್ರ ನೋಡಿ ಹಿತ್ತಿಲಿನಲ್ಲಿ ಇಟ್ಟಿಗೆ ಸಿಮೆಂಟಿನ ಅಂಚು ಕಟ್ಟಿಸಿ, ಒಳಗೆ ಮಣ್ಣು ತುಂಬಿ ಏರುಮಡಿ ಮಾಡಿದೆ. ಚಿತ್ರ ಮಳೆ ಹೆಚ್ಚಿರುವ ದೇಶದ್ದೆಂಬುದನ್ನು ಗಮನಿಸಲಿಲ್ಲ. ಮಾರ್ಚಿ ಬರುವ ಹೊತ್ತಿಗೆ ಸಿಮೆಂಟು ಹೆಂಚಿನಂತೆ ಕಾದು ಅಂಚಿನ ಗಿಡಗಳು ಮೊದಲು ಬಾಡಿದವು. ದಿನಕ್ಕೆರಡು ಸಲ ನೀರು ಹಾಕಿದರೂ ಬಸಿದು ಹೋಗುತ್ತಿತ್ತು. ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ನೋಡಿ, "ಮೇಷ್ಟ್ರೇ, ನೀರಿಗೆ ಬದು ಕಟ್ಟಬೇಕು, ನೋಡೋರಿಗಲ್ಲ" ಎಂದರು. ಮುಂದಿನ ವರ್ಷ ಒಡೆಸಿ ತೆಗೆದೆ. ಒಡೆಯುವ ಕೂಲಿ ಕಟ್ಟುವ ಕೂಲಿಗಿಂತ ಹೆಚ್ಚಾಯಿತು.

ಬದುವಿಗೆ ಏನು ನೆಡಬೇಕೆಂಬುದರಲ್ಲಿ ಮಾತ್ರ ಹೊಸ ತಿಳಿವಳಿಕೆ ನನಗೆ ಉಪಕಾರ ಮಾಡಿದೆ. ರಾಗಿ ಹೊಲದಲ್ಲಿ ಅವರೆ, ತೊಗರಿ, ಹರಳು, ಸಾಸಿವೆಗಳನ್ನು ಅಕ್ಕಡಿ ಸಾಲು ಹಾಕುವುದು ನಮ್ಮವರ ಹಳೆಯ ಪದ್ಧತಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದೇ ಜಾಡಿನಲ್ಲಿ, ಹದಿನಾರು ಸಾಲು ಟೊಮೇಟೊಗೆ ಒಂದು ಸಾಲು ಚೆಂಡುಹೂ ನೆಟ್ಟರೆ ಕಾಯಿಕೊರಕ ಹೂವಿನ ಕಡೆಗೆ ಸೆಳೆದುಹೋಗುತ್ತದೆಂದು ತೋರಿಸಿಕೊಟ್ಟರು. ಎಲೆಕೋಸಿಗೆ ಸಾಸಿವೆಯ ಸಾಲು ಹಾಗೆಯೇ. ಚೆಂಡುಹೂವೂ ಟೊಮೇಟೊವೂ ಅಮೆರಿಕ ಖಂಡದಿಂದ ಬಂದವು. ಬಂದ ನೆಂಟರನ್ನು ನಾವು ದೂರ ದೂರ ಕೂರಿಸಿದ್ದೆವು, ಈಗ ಪಕ್ಕ ಪಕ್ಕ ಕೂರಿಸುತ್ತಿದ್ದೇವೆ. ನಮ್ಮ ಹಿತ್ತಿಲಿನ ಬದುವಿನ ಮೇಲೆ ಈಗ ಮೂಲಂಗಿಗೂ ಚೆಂಡುಹೂವಿಗೂ ಜಾಗದ ಜಗಳ.

ಊರು ಬದಲಾಗಿರುವುದನ್ನು ನಾನು ಹೇಳಬೇಕಾಗಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ದೇವನಹಳ್ಳಿಯ ನೆಲ ಅಡಿ ಲೆಕ್ಕದಲ್ಲಿ ಮಾರಾಟವಾಗತೊಡಗಿತು, ಎಷ್ಟೋ ಚಕ್ಕೋತದ ಮರಗಳು ನಿವೇಶನಗಳಾದವು. ಪಕ್ಕದ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಯ ಸ್ವಾಧೀನವನ್ನು ವಿರೋಧಿಸಿ ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಆ ದಿನ ನನ್ನ ಶಿಷ್ಯರಾದ ದ್ರಾಕ್ಷಿ ಬೆಳೆಗಾರರು ಫೋನು ಮಾಡಿದ್ದರು. ಅವರ ಹೊಲ ಆ ಹೋಬಳಿಯದಲ್ಲ, ಆದರೂ ಸಂತೋಷ. ಮಾತಿನ ಕೊನೆಗೆ, ತಾತ ದೀಪ ಇಡುತ್ತಿದ್ದ ಬದುವಿನ ಜಾಗದಲ್ಲಿ ಈಗ ಒಂದು ಹೊಂಗೆ ಗಿಡ ನೆಟ್ಟಿದ್ದೇನೆ, ಯುಗಾದಿಗೆ ಬನ್ನಿ ಸಾರ್ ಎಂದರು. ಈ ವರ್ಷ ಹೋಗಿದ್ದೆ. ದೀಪ ಅವರ ಮಗ ಹಚ್ಚಿದ.

ಪ್ಲಾಸ್ಟಿಕ್ಕಿನ ಸುರುಳಿ ಪೆಟ್ಟಿಗೆಯೊಳಗೇ ಅಟ್ಟದ ಮೇಲಿದೆ. ಮೊಮ್ಮಗಳ ಮನಸ್ಸು ನೋಯಿಸಬಾರದೆಂದು, ಅದನ್ನು ಕೋಳಿಗಳು ಒಳಗೆ ಬಾರದಂತೆ ಚಪ್ಪರದ ಬುಡಕ್ಕೆ ಸುತ್ತೋಣ ಎಂದಿದ್ದೇನೆ, ಒಪ್ಪಿದ್ದಾಳೆ. ಮುಂದಿನ ಶನಿವಾರ ಬರುತ್ತಾಳೆ. ಮೆಂತ್ಯದ ಪಾತಿಗೆ ಬದು ಎಳೆದು ಮೊದಲ ನೀರು ಬಿಟ್ಟಾಗಿದೆ. ಎರಡನೆಯ ಸಲ ತಟ್ಟುವುದನ್ನು ಅವಳಿಗೆಂದು ಉಳಿಸಿದ್ದೇನೆ.